ಛಡಿ ಛಂ ಛಂ, ಸ್ವರ ಗಡಗಡ

ಕೇಳುಗರಿಗೆ ನಮಸ್ಕಾರ.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಒಂದು ಮಾತಿದೆ. ಛಡಿ ಛಂ ಛಂ, ವಿದ್ಯಾ ಘಂ ಘಂ. ಬೆತ್ತ ಆಡಿದರೆ ವಿದ್ಯೆ ತಾನೇ ಬರುತ್ತದೆ ಅಂತ. ಇವತ್ತು ನನ್ನ ಕೆಲಸ ಈ ಗಾದೆಯ ಕಾಲು ಮುರಿಯೋದು, ಅದೂ ಸಂಗೀತದ ಮಟ್ಟಿಗೆ. ಲೆಕ್ಕ, ಇಂಗ್ಲಿಷು ಕಲಿಸುವವರು ಸುಮ್ಮನೆ ಕೇಳ್ರಿ, ನಿಮ್ಮ ಪಾಳಿ ಇನ್ನೊಂದು ದಿನ.

ಓಣಿಯ ಹತ್ತು ಹುಡುಗರಿಗೆ ಸರಿಗಮ ಹೇಳಿಕೊಡುವ ಹಾರ್ಮೋನಿಯಂ ಪೇಟಿಯ ಮಾಸ್ತರು, ಮಗಳನ್ನು ಟಿ.ವಿ. ಸ್ಪರ್ಧೆಗೆ ಕಳಿಸಲೇಬೇಕು ಅಂತ ಹಟ ಹಿಡಿದ ತಂದೆ, ಜಾತ್ರೆಯ ದಿನಗಳಲ್ಲಿ ಬೆಳತನಕ ಹಾಡುವ ಆರ್ಕೆಸ್ಟ್ರಾ ಗಾಯಕ, ಈ ಹೊತ್ತಿಗೆ ರೊಟ್ಟಿ ಬಡೀತಾ ರೇಡಿಯೋ ಹಚ್ಚಿಕೊಂಡಿರುವ ತಾಯಂದಿರು. ನಾನು ಮಾತಾಡುತ್ತಿರುವುದು ನಿಮ್ಮ ಜೊತೆ.

ಹೇಳುವುದು ಒಂದೇ ಮಾತು. ಹೆದರಿಸಿ ಕಲಿಸಿದ ಸ್ವರ ಬರುವಾಗ ಹೆದರಿಕೆಯನ್ನೂ ಕರಕೊಂಡು ಬರುತ್ತದೆ. ನಾಳೆ ಮಾತ್ರ ಅಲ್ಲ, ಇಪ್ಪತ್ತು ವರ್ಷ ಬಿಟ್ಟು ಹಾಡಿದರೂ.

ಯಾಕೆ ಅಂತ ನೋಡೋಣ. ಮಿದುಳಿನ ಒಳಗೆ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಬೀಜದಷ್ಟು ಭಾಗವಿದೆ. ಅಮಿಗ್ಡಲಾ ಅಂತಾರೆ. ಊರ ಕಾವಲುಗಾರ ಅಂತ ತಿಳ್ಕೊಳ್ರಿ. ಅಪಾಯ ಬಂದ ಹೊತ್ತಿನಲ್ಲಿ ಸುತ್ತಮುತ್ತ ಏನೇನಿತ್ತೋ ಅಷ್ಟನ್ನೂ ಒಂದೇ ಗಂಟಿನಲ್ಲಿ ಕಟ್ಟಿಡುವುದು ಅವನ ಕೆಲಸ. ಎಂಟು ವರ್ಷದ ಹುಡುಗ ಭೂಪ ರಾಗದಲ್ಲಿ ಗಾಂಧಾರ, ಅಂದರೆ ‘ಗ’ ಸ್ವರ, ತಪ್ಪಿದ. ಮಾಸ್ತರು ಎಲ್ಲರ ಮುಂದೆ ಕೆನ್ನೆಗೆ ಬಿಟ್ಟರು. ಗಂಟಿನೊಳಗೆ ಏನೇನು ಹೋಯಿತು? ಏಟು ಹೋಯಿತು, ಅವಮಾನ ಹೋಯಿತು, ನಕ್ಕ ಹುಡುಗರ ಮುಖ ಹೋಯಿತು. ಅದರ ಜೊತೆಗೇ ತಂಬೂರಿಯ ನಾದ ಹೋಯಿತು, ಪೇಟಿಯ ಸದ್ದು ಹೋಯಿತು, ಭೂಪ ಹೋಯಿತು. ಕಾವಲುಗಾರ ಓದು ಬಲ್ಲವನಲ್ಲ. ಯಾವುದು ಏಟು, ಯಾವುದು ಗಾಂಧಾರ ಅಂತ ಬಿಡಿಸಿ ಇಡಲು ಅವನಿಗೆ ಬರುವುದಿಲ್ಲ.

ಹುಡುಗ ದೊಡ್ಡವನಾದ, ವೇದಿಕೆ ಹತ್ತಿದ. ತಂಬೂರಿ ಶುರುವಾಯಿತು, ಗಂಟು ಬಿಚ್ಚಿತು. ಮೈಗೆ ಅಡ್ರಿನಾಲಿನ್ ಹರಿಯುತ್ತದೆ. 75ರ ಆಸುಪಾಸು ಇದ್ದ ಎದೆಬಡಿತ 120 ದಾಟುತ್ತದೆ. ಬಾಯಿ ಒಣಗುತ್ತದೆ. ಹೊಟ್ಟೆಯಿಂದ ಬರಬೇಕಾದ ಉಸಿರು ಎದೆಯ ಮೇಲೆಯೇ ನಿಲ್ಲುತ್ತದೆ. ಭುಜ ಕಿವಿಯ ಕಡೆ ಏರುತ್ತವೆ, ದವಡೆ ಬಿಗಿಯುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೆ ಎದ್ದು ಕೂಡುತ್ತದೆ. ಷಡ್ಜ, ಅಂದರೆ ‘ಸ’, ಹಚ್ಚಿದರೆ ಕೂದಲೆಳೆಯಷ್ಟು ಏರಿಯೇ ಹತ್ತುತ್ತದೆ. ತಬಲಾದವನಾದರೆ ರಕ್ತ ಕೈಬೆರಳು ಬಿಟ್ಟು ತೊಡೆ, ತೋಳಿನ ದೊಡ್ಡ ಸ್ನಾಯುಗಳಿಗೆ ಓಡುತ್ತದೆ. ಬೆರಳು ತಣ್ಣಗಾಗಿ, ತೀನ್‌ತಾಲದ ಠೇಕಾ, ಅಂದರೆ ತಾಳದ ಮೂಲ ಬಡಿತ, ತನ್ನಷ್ಟಕ್ಕೆ ತಾನೇ ಓಡತೊಡಗುತ್ತದೆ.

ಆಗ ನಾವು ಏನಂತೀವಿ? ‘ರಿಯಾಜ್ ಸಾಲ್ದು. ನೂರು ಸಲ ಹೇಳು.’ ಅಯ್ಯೋ, ಅದೇ ತಪ್ಪು! ಹೆದರಿಕೆಯಲ್ಲಿ ನೂರು ಸಲ ಹೇಳಿದರೆ ಹೆದರಿಕೆಗೇ ನೂರು ಸಲ ರಿಯಾಜ್ ಆಗುತ್ತದೆ.

ಇದು ನನ್ನ ಕಟ್ಟುಕಥೆಯಲ್ಲ. ಅಮೆರಿಕದಲ್ಲಿ ಫೆಲಿಟ್ಟಿ ಮತ್ತು ಆಂಡಾ ಎಂಬ ಇಬ್ಬರು ವೈದ್ಯರ ತಂಡ ಸಾವಿರಾರು ಜನರ ಬಾಲ್ಯ ವಿಚಾರಿಸಿ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಹೊಡೆತ, ಬೈಗುಳ, ಲೈಂಗಿಕ ಕಿರುಕುಳ, ತಾಯಿಯ ಮೇಲೆ ನಡೆದ ಹಿಂಸೆ, ಮನೆಯಲ್ಲಿ ಕುಡಿತ, ಇಂಥವುಗಳಲ್ಲಿ ನಾಲ್ಕು ಬಗೆ ಅಥವಾ ಅದಕ್ಕೂ ಹೆಚ್ಚು ಕಂಡವರಿಗೆ ದೊಡ್ಡವರಾದ ಮೇಲೆ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ, ಇವುಗಳ ಅಪಾಯ ಇಂಥದ್ದೇನೂ ಕಾಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಇತ್ತು. ಸಂಗೀತಗಾರರೂ ಮನುಷ್ಯರೇ. ಅವರ ವಿಷಯದಲ್ಲಿ ಒಂದು ತೊಂದರೆ ಹೆಚ್ಚಿಗೆ. ಗುಮಾಸ್ತನ ಕೈ ನಡುಗಿದರೆ ಅಕ್ಷರ ಸೊಟ್ಟಗಾಗುತ್ತದೆ, ಅಷ್ಟೇ. ಹಾಡುವವನಿಗೆ ಮೈಯೇ ವಾದ್ಯ.

ಈಗ ಬೆಳಗಾವಿಯದೇ ಒಂದು ಸಂಗತಿ ಹೇಳಬೇಕು. 1924ರ ಡಿಸೆಂಬರ್, ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರು. ಅವರು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಜೀವನದಲ್ಲಿ ಅದೊಂದೇ ಸಲ. ಅಲ್ಲಿಯ ನೀರಿಗೆಂದು ತೋಡಿದ ಬಾವಿ ಇವತ್ತಿಗೂ ಇದೆ, ಕಾಂಗ್ರೆಸ್ ಬಾವಿ ಅಂತಲೇ ಕರೀತಾರೆ. ಆ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಧಾರವಾಡದ ಒಬ್ಬ ಹುಡುಗಿ ಇದ್ದಳು. ಹನ್ನೊಂದು ವರ್ಷ. ಹೆಸರು ಗಂಗೂಬಾಯಿ. ಹೌದು, ಮುಂದೆ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಆದವರು.

ಅಷ್ಟು ದೊಡ್ಡ ಸಭೆ, ಮುಂದೆ ಗಾಂಧೀಜಿ. ಆ ಮಗುವಿನ ತಲೆಯಲ್ಲಿ ಏನಿತ್ತು ಗೊತ್ತೇನ್ರಿ? ಸ್ವರ ತಪ್ಪೀತು ಅಂತಲ್ಲ. ಊಟದ ಚಿಂತೆ! ತಾನು ಕೆಳಜಾತಿಯವಳು, ಎಲ್ಲರೂ ಉಂಡ ಜಾಗ ತನ್ನ ಕೈಲಿ ಬಳಿಸುತ್ತಾರೋ ಏನೋ ಅನ್ನುವ ಭಯ. ದೊಡ್ಡವರಾದ ಮೇಲೂ, ಮನ್ನಣೆಯೆಲ್ಲ ಬಂದ ಮೇಲೂ, ಅವರು ಅದನ್ನು ನೆನೆಸಿಕೊಂಡು ಹೇಳುತ್ತಿದ್ದರು. ಹಾಡಿನ ಸಂಭ್ರಮಕ್ಕಿಂತ ಪಂಕ್ತಿಯ ಭಯವೇ ಗಟ್ಟಿಯಾಗಿ ಕೂತಿತ್ತು ನೋಡ್ರಿ.

ಭಯ ಬಂದದ್ದು ಓಣಿಯಿಂದ. ನೆರೆಯವರ ತೋಟಕ್ಕೆ ಮಾವಿನಕಾಯಿಗೆ ಹೋದಾಗ ಆ ಮನೆಯವರು ಕಳವಿಗೆ ಸಿಟ್ಟಾಗಲಿಲ್ಲವಂತೆ. ಹಾಡುವವಳ ಮಗಳು ನಮ್ಮ ತೋಟದಲ್ಲಿ ಕಾಲಿಟ್ಟಳಲ್ಲ ಅಂತ ಸಿಟ್ಟಾದರಂತೆ. ಮುಂದೆ ಅದೇ ಜನ ಮನೆಗೆ ಕರೆದು ಊಟಕ್ಕೆ ಬಡಿಸಿದರು ಅಂತಲೂ ಅವರೇ ಹೇಳಿದ್ದಾರೆ. ಹುಬ್ಬಳ್ಳಿಗೆ ಬಂದ ಮೇಲೆ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಗುರು ಸವಾಯಿ ಗಂಧರ್ವರ ಹತ್ತಿರ ಕಲಿತು ಹೊತ್ತು ಮುಳುಗಿದ ಮೇಲೆ ಮನೆಗೆ ನಡೆಯುವಾಗ, ‘ಗಾನೇವಾಲಿ’ ಅಂತ ಜನ ಆಡಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಆದರೂ ಆ ಕಂಠ ಯಾಕೆ ನಡುಗಲಿಲ್ಲ? ಇಲ್ಲಿ ಕಿವಿಗೊಟ್ಟು ಕೇಳ್ರಿ. ಓಣಿಯ ಹೆದರಿಕೆ ಮನೆಯೊಳಗಿನ ಹಾಡಿಗೆ ಅಂಟಲಿಲ್ಲ. ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕಿ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಹಾಡಿನ ಹೊತ್ತಿನಲ್ಲಿ ಮಗುವಿನ ಬೆನ್ನಿಗೆ ಒಬ್ಬ ದೊಡ್ಡವರು ಗಟ್ಟಿಯಾಗಿ ನಿಂತಿದ್ದರು. ಆಘಾತ ಉಂಡ ಮಕ್ಕಳು ಚೇತರಿಸಿಕೊಳ್ಳಲು ಏನು ಬೇಕು ಅಂತ ಹುಡುಕಿದವರಿಗೆ ಮತ್ತೆ ಮತ್ತೆ ಸಿಕ್ಕಿದ್ದು ಇದೇ: ನಂಬಬಹುದಾದ ಒಬ್ಬ ದೊಡ್ಡವರು. ಒಬ್ಬರು ಸಾಕು. ಕಾವಲುಗಾರ ಕಟ್ಟಿದ ಗಂಟಿನಲ್ಲಿ ಪಂಕ್ತಿ ಇತ್ತು, ತೋಟ ಇತ್ತು, ಓಣಿ ಇತ್ತು. ಷಡ್ಜ ಇರಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರ ಬಿಚ್ಚಬೇಕು ಅಂತ ಗುರುಗಳು ಕಲಿಸಿದ್ದನ್ನು ಗಂಗೂಬಾಯಿಯವರು ಹೇಳುತ್ತಿದ್ದರು. ಅವರ ವಿಲಂಬಿತ ಖಯಾಲು, ಅಂದರೆ ನಿಧಾನ ಲಯದ ಹಾಡಿಕೆ, ಕೇಳ್ರಿ, ಒಂದೊಂದು ಸ್ವರವೂ ಕೂತು, ಸುತ್ತ ನೋಡಿ, ಆಮೇಲೆ ಏಳುತ್ತದೆ. ಹೆದರಿದ ಕಂಠಕ್ಕೆ ಅದು ಸಾಧ್ಯವಿಲ್ಲ. ಹೆದರಿದ ಕಂಠ ಓಡುತ್ತದೆ. ಸಣ್ಣ ಮಕ್ಕಳು ನಿಧಾನದ ಆಲಾಪ ಬಿಟ್ಟು ಬರೀ ವೇಗದ ತಾನ್‌ಗಳನ್ನು ಹೊಡೆಯುವುದನ್ನು ಕಂಡು ನಾವು ಚಪ್ಪಾಳೆ ತಟ್ಟುತ್ತೇವೆ. ನನಗೆ ಮಾತ್ರ ಆ ಮಗು ಯಾರಿಂದ ಓಡುತ್ತಿದೆ ಅಂತ ಕೇಳಬೇಕೆನಿಸುತ್ತದೆ.

ಅರ್ಧಕ್ಕಿಂತ ಹೆಚ್ಚು ಸಮಯ ಇದಕ್ಕೇ ಹೋಯಿತು. ಹೋಗಲಿ, ಇದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ತಲೆಗೆ ಹತ್ತುವುದಿಲ್ಲ.

‘ಬೀಥೋವನ್ನನ ಅಪ್ಪ ಹೊಡೆದ, ಮಗ ಬೀಥೋವನ್ ಆದ’ ಅನ್ನುವವರಿದ್ದಾರೆ. ಬೀಥೋವನ್ ಅಂದರೆ ಜರ್ಮನಿಯ ಹೆಸರಾಂತ ಸಂಗೀತ ರಚನಕಾರ. ಅವನ ಅಪ್ಪ ಕುಡಿದು ಬಂದು ನಡುರಾತ್ರಿ ಮಗುವನ್ನು ಎಬ್ಬಿಸಿ ನುಡಿಸಲು ಕೂರಿಸುತ್ತಿದ್ದ. 1778ರಲ್ಲಿ ಏಳು ವರ್ಷದ ಮಗನನ್ನು ಆರು ವರ್ಷದವನೆಂದು ಸಾರಿ ಕಛೇರಿ ಮಾಡಿಸಿದ. ನಮ್ಮ ಸ್ಪರ್ಧೆಗಳ ಅಪ್ಪಂದಿರಿಗೆ ಈ ವಿದ್ಯೆ ಹೊಸದಲ್ಲ ಬಿಡ್ರಿ. ಏಟು ತಿಂದು ದೊಡ್ಡವನಾದ ಒಬ್ಬನ ಹೆಸರು ನಿಮಗೆ ಗೊತ್ತು. ಏಟು ತಿಂದು ಪೇಟಿ ಅಟ್ಟಕ್ಕೆ ಹಾಕಿದವರ ಹೆಸರು ಯಾರು ಬರೆದಿಟ್ಟಿದ್ದಾರೆ?

ಈಗ ಮಾಡುವ ಕೆಲಸ. ಮಗು ಮನೆಯಲ್ಲಿ ಚೆಂದ ಹಾಡಿ ಒಬ್ಬರ ಮುಂದೆ ಮಾತ್ರ ದನಿ ಕಳಕೊಂಡರೆ, ಕ್ಲಾಸಿನ ದಿನವೇ ಹೊಟ್ಟೆನೋವು ಅಂದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಒಂದು ತಪ್ಪಿಗೆ ತನ್ನ ಕೆನ್ನೆಗೆ ತಾನೇ ಹೊಡಕೊಂಡರೆ, ಅದು ಸೋಮಾರಿತನ ಅಲ್ಲ. ರಿಯಾಜ್ ನಿಲ್ಲಿಸಿ. ತಂಬೂರಿ ನಡೆಯಲಿ. ಸೆಕೆಂಡಿಗೆ ಒಂದು ಮಾತ್ರೆಯ, ಅಂದರೆ ತಾಳದ ಒಂದು ಎಣಿಕೆಯ, ಲಯದಲ್ಲಿ 4 ಮಾತ್ರೆ ಮೂಗಿನಿಂದ ಉಸಿರು ಒಳಗೆ, 8 ಮಾತ್ರೆ ಬಾಯಿ ಮುಚ್ಚಿ ‘ಮ್’ ಎಂದು ಮಂದ್ರದ ಕೆಳದನಿಯಲ್ಲಿ ಗುನುಗುತ್ತಾ ಹೊರಗೆ. ನಿಮಿಷಕ್ಕೆ 5 ಉಸಿರು, ಐದು ನಿಮಿಷ. ಹತ್ತು ವರ್ಷದೊಳಗಿನವರಿಗೆ 3 ಮತ್ತು 6 ಸಾಕು. ಉದ್ದನೆಯ ಹೊರ ಉಸಿರೇ ಎದೆಬಡಿತ ಇಳಿಸುವುದು. ಎಲ್ಲಿ ಕೆಡುತ್ತದೆ? ಗಂಟಲುಮಟ್ಟ ಗಾಳಿ ತುಂಬಿಕೊಂಡರೆ ತಲೆ ತಿರುಗುತ್ತದೆ, ಮುಕ್ಕಾಲು ತುಂಬಿದರೆ ಸಾಕು. ‘ಕಣ್ಣು ಮುಚ್ಚು’ ಅನ್ನಬೇಡಿ. ಏಟು ಉಂಡ ಮಕ್ಕಳಿಗೆ ಕಣ್ಣು ಮುಚ್ಚಿದರೆ ಹಳೆಯದೇ ಕಾಣುತ್ತದೆ. ಕಣ್ಣು ಬಿಟ್ಟು ತಂಬೂರಿಯ ಕುಂಬಳಬುರುಡೆ ನೋಡಲಿ.

ಮಗುವನ್ನು ವೇದಿಕೆಗೆ ನೂಕಬೇಡಿ. ಮೆಟ್ಟಿಲು ಹತ್ತಿಸಿ. ಮೊದಲು ಅಜ್ಜಿಯೊಬ್ಬಳ ಮುಂದೆ, ಆಮೇಲೆ ಮೂರು ಜನರ ಮುಂದೆ, ಆಮೇಲೆ ಗುಡಿಯ ಭಜನೆಯಲ್ಲಿ ಎಲ್ಲರ ಜೊತೆ, ಕೊನೆಗೆ ಒಂಟಿಯಾಗಿ. ಹೆದರಿಕೆ ಹತ್ತಕ್ಕೆ ಎಷ್ಟು ಅಂತ ಕೇಳಿ. ನಾಲ್ಕಕ್ಕೆ ಇಳಿದ ಮೇಲೆ ಮುಂದಿನ ಮೆಟ್ಟಿಲು. ಹೆದರಿಕೆ ತುದಿಯಲ್ಲಿದ್ದಾಗ ಎಬ್ಬಿಸಿಕೊಂಡು ಹೋದರೆ, ಓಡಿದ್ದರಿಂದಲೇ ಉಳಿದೆ ಅಂತ ಕಾವಲುಗಾರ ಬರೆದುಕೊಳ್ಳುತ್ತಾನೆ. ಅದು ಇಳಿಯುವ ತನಕ ಪಕ್ಕದಲ್ಲಿ ಕೂಡ್ರಿ.

ಮಾಸ್ತರೇ, ತಿದ್ದಬೇಡಿ ಅಂತ ನಾನು ಹೇಳುತ್ತಿಲ್ಲ. ಸ್ವರವನ್ನು ತಿದ್ದಿ, ಮಗುವನ್ನಲ್ಲ. ‘ಗಾಂಧಾರ ಇಳಿದದ, ಇನ್ನೊಮ್ಮೆ ತೊಗೊ’ ಅಂದರೆ ತಿದ್ದುಪಡಿ. ‘ನಿನ್ನ ಹಣೇಬರಹದಾಗ ಸಂಗೀತ ಇಲ್ಲ’ ಅಂದರೆ ಅದೂ ಗಂಟಿಗೇ. ಒಂದು ಸಲಕ್ಕೆ ಒಂದೇ ತಪ್ಪು. ನಾಲ್ಕು ಜನರ ಮುಂದೆ ಬೇಡ. ಮೈ ಮುಟ್ಟಿ ಕೂರಿಸುವ ಮೊದಲು ಕೇಳಿ. ಹೆದರಿಸಿ ಕಲಿಸಿದ ಸ್ವರ ಹೆದರಿಕೆಯನ್ನು ಕರಕೊಂಡೇ ಬರುತ್ತದೆ, ಇದನ್ನು ಪೇಟಿಯ ಮೇಲೆ ಬರೆದು ಅಂಟಿಸಿದರೂ ತಪ್ಪಿಲ್ಲ.

ಗಾಜಿನಾಚೆ ಕೈ ಎತ್ತಿದರು, ಎರಡು ನಿಮಿಷ ಅಂತ. ಬೇಗ ಹೇಳ್ತೀನಿ.

ಮೇಳದ ಗೆಳೆಯರೇ, ‘ಒಂದು ಪೆಗ್ ಹಾಕಿದರ ದನಿ ಬಿಡ್ತದ’ ಅನ್ನುವುದು ಸುಳ್ಳು. ಒಂದು ತಾಸು ಹೆದರಿಕೆ ಮರೆಯುತ್ತದೆ, ಗಂಟಲು ಒಣಗುತ್ತದೆ, ಶ್ರುತಿಯ ಕಿವಿ ಮಂದವಾಗುತ್ತದೆ, ಮರುದಿನ ಹೆದರಿಕೆ ಬಡ್ಡಿ ಸಮೇತ ಬರುತ್ತದೆ. ಇನ್ನೊಬ್ಬರು ಕೊಟ್ಟ ಪ್ರೊಪ್ರನೊಲಾಲ್ ಗುಳಿಗೆ ನುಂಗಬೇಡಿ. ಕೈನಡುಕಕ್ಕೆ ವೈದ್ಯರು ಅದನ್ನು ಬರೆಯುವುದುಂಟು. ಆದರೆ ಆಸ್ತಮಾ ಇದ್ದವರಿಗೆ ಅದು ಜೀವಕ್ಕೇ ಅಪಾಯ.

ಕಲಿಸುವ ಜಾಗದಲ್ಲಿ ಮಗುವಿಗೆ ಲೈಂಗಿಕ ಕಿರುಕುಳ ಆಗಿದ್ದರೆ, ಗುರು ಎಷ್ಟೇ ದೊಡ್ಡವರಿರಲಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಏನಾಯಿತೆಂದು ಮನೆಗೆ ಬಂದವರಿಗೆಲ್ಲ ಮಗುವಿನ ಬಾಯಿಂದ ಹೇಳಿಸಬೇಡಿ. ಪ್ರತಿಸಲ ಹೇಳಿಸಿದಾಗಲೂ ಗಾಯ ಕೆದರುತ್ತದೆ.

ಚಿಕಿತ್ಸೆ ಇದೆ. ಆಘಾತಕ್ಕೆಂದೇ ರೂಪಿಸಿದ ಆಪ್ತಸಮಾಲೋಚನೆ ಸಾಮಾನ್ಯವಾಗಿ ವಾರಕ್ಕೊಮ್ಮೆ, 12ರಿಂದ 16 ಸಲ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ, ಇಲ್ಲವೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ. ಹೋಗುವ ಮುಂಚೆ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ದುಡ್ಡು ಬೇಡ, ಹಗಲುರಾತ್ರಿ ಕನ್ನಡದಲ್ಲೇ ಮಾತಾಡಬಹುದು. ರೊಟ್ಟಿ ಬಡಿಯುವ ಕೈಗೆ ಪೆನ್ನು ಸಿಗಲಿಕ್ಕಿಲ್ಲ, ಮಕ್ಕಳ ಕೈಲಿ ಬರೆಸಿಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು. ಇನ್ನೊಮ್ಮೆ ಹೇಳ್ತೀನಿ: 14416. ನಮಸ್ಕಾರ.