ಆರು ಕ್ವಿಂಟಲ್ ತಿಜೋರಿ, ಒಂದು ಕೋವಿ: ಮನೆ ಬದಲಿಸುವಾಗ ಏನು ಮಾಡಬೇಕು?

(ದೃಶ್ಯ: ಹಳೆ ಮನೆಯ ನಡುಮನೆಯ ಫೋಟೊ. ಕೆಂಪು ಗಾರೆ ನೆಲ, ಮೂಲೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ತಿಜೋರಿ.)

ನಮಸ್ಕಾರ. ಈ ಫೋಟೊದಲ್ಲಿ ಇರೋದು ನಮ್ಮ ಮನೆಯ ತಿಜೋರಿ. ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಅಜ್ಜನ ಕಾಲದಿಂದ ಇದು ನಡುಮನೆಯ ಮೂಲೆಯಲ್ಲೇ ಕೂತಿತ್ತು. ಒಳಗೆ ಜಮೀನಿನ ಕಾಗದ, ಸ್ವಲ್ಪ ಬಂಗಾರ, ಮತ್ತೆ ಅಪ್ಪನ ಒಂಟಿ ನಳಿಗೆಯ ಕೋವಿ. ಕೋವಿ ಉದ್ದ ಜಾಸ್ತಿ, ಹಾಗಾಗಿ ನಳಿಗೆ ಬೇರೆ, ಹಿಡಿ ಬೇರೆ ಮಾಡಿ ಹಳೆ ಪಂಚೆಯಲ್ಲಿ ಸುತ್ತಿ ಇಡುತ್ತಿದ್ದರು.

2024ರಲ್ಲಿ ಅಪ್ಪ ಅಮ್ಮ ಕಾರವಾರಕ್ಕೆ ಬಂದು ನನ್ನ ಜೊತೆ ಇರೋದು ಅಂತ ತೀರ್ಮಾನವಾಯಿತು. ತೋಟ ತಮ್ಮನದು. ಅವನು ಹಳ್ಳದ ಆಚೆ, ತೋಟದ ತಲೆಯಲ್ಲೇ ಸಣ್ಣ ಮನೆ ಕಟ್ಟಿಕೊಂಡಿದ್ದ. ಹಳೆ ಮನೆ ಬಿಚ್ಚಬೇಕು. ಸಾಮಾನೆಲ್ಲ ಎರಡು ಪಾಲಾಯಿತು. ಕೊನೆಗೆ ಉಳಿದದ್ದು ತಿಜೋರಿ. ತಮ್ಮನ ಮನೆಗೆ ಹೋಗೋಕೆ ಇರೋದು ಕಾಲುಸಂಕ ಮಾತ್ರ, ಅಂದರೆ ನಡೆದು ದಾಟುವ ಸಣ್ಣ ಸೇತುವೆ. ಕಾರವಾರದಲ್ಲಿ ನಾನಿರೋದು ಎರಡನೇ ಮಹಡಿಯ ಫ್ಲಾಟ್. ಇಬ್ಬರಿಗೂ ಅದು ಬೇಕು, ಇಬ್ಬರಿಂದಲೂ ಒಯ್ಯೋಕೆ ಆಗಲ್ಲ.

ನಮ್ಮ ಕಡೆ ಬೆಳೆ ರಕ್ಷಣೆಯ ಕೋವಿ ಇರುವ ಮನೆ ಬಹಳ. ಮಕ್ಕಳು ಊರು ಬಿಟ್ಟ ಮನೆಯೂ ಬಹಳ. ಅದಕ್ಕೇ ನಾವು ಕಲಿತದ್ದನ್ನೆಲ್ಲ ಇವತ್ತು ಬಿಡಿಸಿ ಹೇಳುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋವಿಯ ಪ್ರಯಾಣ ಬೇರೆ, ತಿಜೋರಿಯ ಪ್ರಯಾಣ ಬೇರೆ. ಎರಡನ್ನೂ ಒಂದೇ ಗಾಡಿಗೆ ಹಾಕುವ ಯೋಚನೆಯನ್ನೇ ಮಾಡಬೇಡಿ.

(ದೃಶ್ಯ: ಲೈಸೆನ್ಸ್ ಪುಸ್ತಕದ ರಟ್ಟು. ಒಳಗಿನ ವಿವರ ಕಾಣುವುದಿಲ್ಲ.)

ಮೊದಲು ಕೋವಿ. ತಿಜೋರಿಗೆ ಯಾವ ಲೈಸೆನ್ಸೂ ಬೇಡ, ಯಾರಿಗೆ ಬೇಕಾದರೂ ಮಾರಬಹುದು. ಕೋವಿಗೆ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು ಎರಡೂ ಇವೆ. ಲೈಸೆನ್ಸ್ ಇರುವವರು ಕೋವಿ ಸಮೇತ ಮನೆ ಬದಲಿಸಿದರೆ 30 ದಿನದೊಳಗೆ ತಿಳಿಸಬೇಕು. ಲೈಸೆನ್ಸ್ ಕೊಟ್ಟ ಕಚೇರಿಗೂ ತಿಳಿಸಬೇಕು, ಹೊಸ ಊರಿನ ಕಚೇರಿಗೂ ತಿಳಿಸಬೇಕು. ಶಿರಸಿ, ಕಾರವಾರ ಎರಡೂ ಒಂದೇ ಜಿಲ್ಲೆ ಅಲ್ವಾ, ಯಾಕೆ ತಿಳಿಸಬೇಕು ಅಂತ ಸುಮ್ನೆ ಕೂರಬೇಡಿ. ಪುಸ್ತಕದಲ್ಲಿ ವಿಳಾಸ ಬದಲಾಗಲೇಬೇಕು.

ಬೆಳೆ ರಕ್ಷಣೆಯ ಲೈಸೆನ್ಸ್ ಆಗಿದ್ದರೆ ಇನ್ನೊಂದು ತೊಡಕಿದೆ. ಮಂಗ, ಹಂದಿ ಓಡಿಸೋಕೆ ಅಂತ ತೋಟ ನೋಡಿ ಕೊಟ್ಟ ಲೈಸೆನ್ಸ್ ಅದು. ತೋಟವನ್ನೇ ಬಿಟ್ಟು ಕಾರವಾರದ ಫ್ಲಾಟಿಗೆ ಬಂದರೆ ಕೋವಿ ಯಾಕೆ ಅಂತ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆಯೇ ಅದು. ಕೊಡಗಿನಲ್ಲಿ ಕೊಡವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳೋಕೆ ಇರುವ ವಿನಾಯಿತಿ ನಮ್ಮ ಜಿಲ್ಲೆಗೆ ಇಲ್ಲ.

ನಮಗೆ ದಾರಿಯಾದದ್ದು 2016ರ ನಿಯಮಗಳಲ್ಲೇ ಇರುವ ಒಂದು ಅವಕಾಶ. ಲೈಸೆನ್ಸ್ ಇರುವವರಿಗೆ 70 ವರ್ಷ ತುಂಬಿದ್ದರೆ, ಅಥವಾ 25 ವರ್ಷದಿಂದ ಕೋವಿ ಅವರ ಹತ್ತಿರ ಇದ್ದರೆ, ವಾರಸುದಾರರಿಗೆ ವರ್ಗಾಯಿಸಿ ಅಂತ ಅರ್ಜಿ ಹಾಕಬಹುದು. ಅಪ್ಪನಿಗೆ ಆಗ 74. ತಮ್ಮನಂತೂ ತೋಟದಲ್ಲೇ ಇರುವವನು. ಅವನ ಹೆಸರಿಗೆ ಅರ್ಜಿ ಹಾಕಿದೆವು. ಅವನ ಹೆಸರಿಗೆ ಲೈಸೆನ್ಸ್ ಬರುವ ತನಕ ಅವನು ಕೋವಿಯನ್ನು ತನ್ನ ಹತ್ತಿರ ಇಟ್ಟುಕೊಳ್ಳುವ ಹಾಗಿಲ್ಲ, ಮಗನಾದರೂ ಅಷ್ಟೇ. ಅಷ್ಟು ದಿನ ಅದು ಠಾಣೆಯಲ್ಲೇ ಇತ್ತು. ಹೇಗಂದರೆ ಆ ವರ್ಷ ಮೇ 7ಕ್ಕೆ ಲೋಕಸಭೆಗೆ ಮತದಾನ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸೋದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಒಪ್ಪಿಸಿದ ರಸೀದಿ ಇಟ್ಟುಕೊಂಡು, ವಾಪಸ್ ತರದೆ ಅಲ್ಲಿಂದಲೇ ಮುಂದಿನ ಕೆಲಸ ನೋಡಿದೆವು. ಕೋವಿಯನ್ನೇ ಮಾರುವುದಾದರೆ ಲೈಸೆನ್ಸ್ ಇರುವವರಿಗೋ ಅಧಿಕೃತ ಡೀಲರಿಗೋ ಮಾತ್ರ ಮಾರಬೇಕು. ಲೈಸೆನ್ಸ್ ಇರುವ ಖಾಸಗಿಯವರಿಗೆ ಮಾರುವ ಮುಂಚೆ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು.

(ದೃಶ್ಯ: ತೆರೆದ ತಿಜೋರಿ. ಎಳೆದಿಟ್ಟ ಡ್ರಾಯರ್. ಕೈಯೊಂದು ಹಿಂದಿನ ಸಂದಿಯನ್ನು ತೋರಿಸುತ್ತದೆ.)

ಈಗ ತಿಜೋರಿ ಖಾಲಿ ಮಾಡೋದು. ಡ್ರಾಯರನ್ನು ಪೂರ್ತಿ ಹೊರಗೆಳೆಯಿರಿ. ಹಿಂದಿನ ಸಂದಿಗೆ ಟಾರ್ಚ್ ಬಿಡಿ. ನಮಗೆ ಅಲ್ಲಿ ಏನು ಸಿಕ್ಕಿತು ಗೊತ್ತಾ? ಎರಡು ಹಳೆ ತೋಟಾ, ಅಂದರೆ ಕೋವಿಗೆ ಹಾಕುವ ಗುಂಡು. ಕಾಗದದ ಮೈ ಇರುವ ಹಳೆ ನಮೂನೆಯವು. ಮಳೆಗಾಲದ ಥಂಡಿಗೆ ಕಾಗದ ಉಬ್ಬಿ ಪದರ ಬಿಟ್ಟಿತ್ತು, ಹಿತ್ತಾಳೆಯ ಬುಡ ಹಸಿರುಗಟ್ಟಿತ್ತು. ಅಪ್ಪ ಅದನ್ನು ನೋಡಿ ಮಾತಾಡಲಿಲ್ಲ. ಗೊತ್ತಿಲ್ಲದೆ ಮಾರಿಬಿಟ್ಟಿದ್ದರೆ ಲೈಸೆನ್ಸ್ ಇಲ್ಲದವರ ಕೈಗೆ ತೋಟಾ ಕೊಟ್ಟ ಹಾಗೆ. ಕೊಂಡವರು ಗ್ಯಾಸ್ ಕಟ್ಟರ್ ಹಿಡಿದಿದ್ದರೆ ಏನಾಗುತ್ತಿತ್ತೋ. ಇಂಥದ್ದು ಸಿಕ್ಕರೆ ಒಲೆಗೆ ಹಾಕಬೇಡಿ, ಹಳ್ಳಕ್ಕೆ ಎಸೆಯಬೇಡಿ, ಬಿಚ್ಚಿ ನೋಡಬೇಡಿ. ಠಾಣೆಗೆ ಫೋನ್ ಮಾಡಿ, ಹೇಗೆ ತರಬೇಕು ಅಂತ ಅವರನ್ನೇ ಕೇಳಿ ಒಪ್ಪಿಸಿ.

(ದೃಶ್ಯ: ಅಳತೆ ಪಟ್ಟಿ, ಕಾಗದದ ಮೇಲೆ ಲೆಕ್ಕ.)

ಎಷ್ಟು ಭಾರ ಇದೆ ಅಂತ ಅಂದಾಜು ಬೇಕಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಅಂದರೆ ಬರೀ ತಗಡು. ದಬ್ ಅಂದರೆ ಎರಡು ತಗಡಿನ ನಡುವೆ ಕಾಂಕ್ರೀಟೋ ಅಂಥದ್ದೇ ಏನೋ ತುಂಬಿದೆ, ಬೆಂಕಿ ತಡೆಯೋಕೆ. ನಮ್ಮದು ದಬ್ ಅಂತಿತ್ತು. 6 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ ಸುಮಾರು 47 ಕೆಜಿ ತೂಗುತ್ತದೆ. ನಾಲ್ಕಡಿ ಎತ್ತರದ ತಿಜೋರಿಯ ಆರೂ ಮೈ ಸೇರಿದರೆ ಹತ್ತಿರ ಹತ್ತಿರ ನಾಲ್ಕು ಚದರ ಮೀಟರ್. ಹೊರ ತಗಡೇ 190 ಕೆಜಿ ಆಯಿತು. ಒಳಗೆ ಎರಡಿಂಚು ಕಾಂಕ್ರೀಟ್ ಇದ್ದರೆ ಮತ್ತೆ ನಾನೂರರ ಮೇಲೆ. ನಮ್ಮದನ್ನು ಕೊನೆಗೆ ವೇ ಬ್ರಿಜ್‌ನಲ್ಲಿ ತೂಗಿದಾಗ 620 ಕೆಜಿ ಬಂತು. ನಾಲ್ಕು ಜನ ಸೇರಿ ಎತ್ತಿಬಿಡೋಣ ಅನ್ನುವ ಮಾತು ಅಲ್ಲಿಗೇ ಮುಗಿಯಿತು.

ಮನೆ ಬಿಚ್ಚುವುದಿತ್ತಲ್ಲ, ಎಲ್ಲಿಗೆ ಹೋದರೂ ಮೊದಲು ಜಗುಲಿಗಾದರೂ ತರಲೇಬೇಕಿತ್ತು. ನಡುಮನೆಯಿಂದ ಜಗುಲಿಗೆ ಹದಿನೆಂಟು ಅಡಿ. ಆ ಹದಿನೆಂಟು ಅಡಿಗೆ ಅರ್ಧ ದಿನ ಬೇಕಾಯಿತು.

(ದೃಶ್ಯ: ಸಣ್ಣ ಮರದ ಪೆಟ್ಟಿಗೆ, ಪೆನ್ಸಿಲ್‌ಗಳ ಮೇಲೆ ಉರುಳುವ ಮಾದರಿ.)

ಹಾರೆ ಹಾಕಿ ಒಂದು ಮಗ್ಗುಲು ಬೆರಳಿನಷ್ಟು ಎತ್ತಿ. ಎತ್ತಿದಷ್ಟಕ್ಕೂ ಮರದ ತುಂಡು ಕೊಡಿ. ಹಾರೆ ಜಾರಿದರೂ ಭಾರ ತುಂಡಿನ ಮೇಲೆ ಕೂರಬೇಕು, ಕೈ ಮೇಲೆ ಅಲ್ಲ. ಕೈಯನ್ನು ಯಾವತ್ತೂ ಅಡಿಗೆ ತೂರಿಸಬೇಡಿ, ತುಂಡನ್ನು ಕೋಲಿನಿಂದ ತಳ್ಳಿ. ಬಾಗಿಲಿರುವ ಮುಂಬದಿಯೇ ಭಾರ. ಮುಂದಕ್ಕೆ ವಾಲಿದರೆ ಯಾರೂ ತಡೆಯೋಕೆ ಆಗಲ್ಲ. ವಾಲಿಸುವುದಿದ್ದರೆ ಹಿಂದಕ್ಕೇ ವಾಲಿಸಬೇಕು.

ಉರುಳೆಗೆ ನಾವು ಮೊದಲು ಅಡಿಕೆ ಮರದ ತುಂಡು ಹಾಕಿದೆವು. ಮನೆ ಸುತ್ತ ಬಿದ್ದಿರೋದೇ ಅದು. ಮೂರಡಿ ಸಾಗಿತು. ಆಮೇಲೆ ಚಟ್ ಅಂತ ಸದ್ದು. ಅಡಿಕೆ ಮರದ ಹೊರಮೈ ಗಟ್ಟಿ, ಒಳಗೆಲ್ಲ ಮೆದು ತಿರುಳು. ಭಾರ ಬಿದ್ದಾಗ ಉದ್ದಕ್ಕೆ ಸೀಳಿ ದಬ್ಬೆಯಾಗಿ ಚಪ್ಪಟೆಯಾಯಿತು. ತಿಜೋರಿ ಒಂದು ಮಗ್ಗುಲಿಗೆ ಕುಸಿದು ಗಾರೆ ನೆಲ ನಾಲ್ಕು ಬೆರಳು ಅಗಲ ಕಿತ್ತು ಬಂತು. ಆ ಮಗ್ಗುಲಲ್ಲಿ ಯಾರೂ ನಿಂತಿರಲಿಲ್ಲ, ಅದೊಂದೇ ಪುಣ್ಯ. ತಮ್ಮ ಓಡಿ ಹೋಗಿ ತೋಟದ ನೀರಾವರಿಯ ಕಬ್ಬಿಣದ ಪೈಪ್ ತಂದ. ಒಂದೂವರೆ ಇಂಚಿನದು, ನಾಲ್ಕು ತುಂಡು. ನೆಲಕ್ಕೆ ದಪ್ಪ ಹಲಗೆ, ಹಲಗೆ ಮೇಲೆ ಪೈಪ್, ಪೈಪ್ ಮೇಲೆ ತಿಜೋರಿ. ಅಲ್ಲಿಂದ ಮುಂದೆ ಇಬ್ಬರು ನೂಕಿದರೂ ಹೊರಟಿತು. ಹೊರಟಿದ್ದನ್ನು ನಿಲ್ಲಿಸೋದೇ ಕಷ್ಟ, ಅದಕ್ಕೆ ಹಿಂದಿನಿಂದ ಹಗ್ಗ ಕಟ್ಟಿ ಒಬ್ಬರು ಕಂಬಕ್ಕೆ ಸುತ್ತು ಹಾಕಿ ಹಿಡಿದಿರಬೇಕು.

ಬಾಗಿಲ ಹತ್ತಿರ ಅಮ್ಮ ತಡೆದರು. ಹೊಸ್ತಿಲ ಮೇಲೆ ಕಬ್ಬಿಣದ ಭಾರ ಇಡಕೂಡದು ಅಂದರು. ಅವರು ದಿನಾ ರಂಗೋಲಿ ಎಳೆದ ಹೊಸ್ತಿಲು. ಮನೆ ಬಿಚ್ಚುವುದಾದರೂ ಅವರ ಮಾತು ಮೀರಲು ಮನಸ್ಸಾಗಲಿಲ್ಲ. ಒಳಗೆ ಹೊರಗೆ ಎರಡೂ ಕಡೆ ಮರದ ತುಂಡು ಒಟ್ಟಿ, ಅದರ ಮೇಲೆ ಹೊಸ್ತಿಲಿಗೆ ತಾಗದಂತೆ ದಪ್ಪ ಹಲಗೆ ಹಾಯಿಸಿದೆವು. ಕೆಲಸದ ದೃಷ್ಟಿಯಿಂದಲೂ ಅದೇ ಸರಿ. ಎತ್ತರದ ಹೊಸ್ತಿಲನ್ನು ಏರಿಸಿ ಇಳಿಸುವಾಗಲೇ ಇಂಥವು ಮಗುಚೋದು.

(ದೃಶ್ಯ: ದೇವಿಮನೆ ಘಟ್ಟದ ತಿರುವು.)

ಮುಂದೆ ಗಾಡಿ. ಘಟ್ಟ ಇಳಿಸುವುದಿದ್ದರೆ, ದೇವಿಮನೆ ಇರಲಿ, ಅರಬೈಲ್ ಇರಲಿ, ತಿಜೋರಿಯನ್ನು ಡ್ರೈವರ್ ಕ್ಯಾಬಿನ್ನಿನ ಹಿಂಬದಿಗೆ ಒತ್ತಿ ನಿಲ್ಲಿಸಿ, ಎರಡು ಬೆರಳು ಸಂದಿಯೂ ಬಿಡದೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಆ ಭಾರ ಮುಂದಕ್ಕೆ ನುಗ್ಗುತ್ತದೆ. ಸಂದಿ ಇದ್ದರೆ ಅದು ಗುದ್ದು. ನೈಲಾನ್ ಹಗ್ಗ ಹಿಗ್ಗುತ್ತದೆ, ರ‍್ಯಾಚೆಟ್ ಪಟ್ಟಿಯನ್ನೇ (ಹಿಡಿ ಎಳೆದು ಬಿಗಿ ಮಾಡುವ ಅಗಲ ಪಟ್ಟಿ) ಅಡ್ಡಡ್ಡ ಬಿಗಿಯಿರಿ. ಮಳೆಗಾಲಕ್ಕೆ ಮುಂದೂಡಬೇಡಿ. ಕೊಯ್ಲು ಮುಗಿದ ಮೇಲೆ, ಮಳೆಗೆ ಮೊದಲು ಮುಗಿಸಿ. ಅದೇ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಕುಮಟಾದಿಂದ ಕಾರವಾರಕ್ಕೆ ನಾವೆಲ್ಲ ಓಡಾಡುವ ದಾರಿ ಅದು.

ನಮ್ಮ ತಿಜೋರಿ ಘಟ್ಟ ಇಳಿಯಲಿಲ್ಲ. ಫ್ಲಾಟಿನ ಲೆಕ್ಕ ಕೇಳಿ. ವಾಸದ ಕೋಣೆಗಳನ್ನು ಸಾಮಾನ್ಯವಾಗಿ ಒಂದು ಚದರ ಮೀಟರಿಗೆ ಸುಮಾರು 200 ಕೆಜಿ ಹೆಚ್ಚುವರಿ ಭಾರ ಅಂತ ಹಿಡಿದು ಕಟ್ಟುತ್ತಾರೆ. ನಮ್ಮ ತಿಜೋರಿ ಕೂರುವ ಜಾಗ ಅರ್ಧ ಚದರ ಮೀಟರೂ ಇಲ್ಲ, ತೂಕ 620. ಇಟ್ಟ ಕೂಡಲೇ ಕುಸಿಯುತ್ತದೆ ಅಂತಲ್ಲ, ಆದರೆ ಎಂಜಿನಿಯರ್ ಒಬ್ಬರು ತೊಲೆ ಎಲ್ಲಿದೆ ನೋಡಿ ಹೇಳದೆ ಇಡೋ ಭಾರ ಅಲ್ಲ. ಮೆಟ್ಟಿಲು ಹತ್ತಿಸೋದಂತೂ ಇನ್ನೊಂದು ಕಥೆ. ಭಾರದ ಕೆಳಗಿನ ಮೆಟ್ಟಿಲಲ್ಲಿ ಮನುಷ್ಯ ನಿಲ್ಲಲೇಬಾರದು. ಹಾಗೆ ನಿಲ್ಲದೆ ಹತ್ತಿಸೋಕೆ ಕ್ರೇನೋ ಚೈನ್ ಪುಲ್ಲಿಯೋ ಬೇಕು. ಅಪ್ಪ ಜಗುಲಿಯಲ್ಲಿ ಕೂತು ಎಲ್ಲ ಕೇಳಿ, ಮಾರಿಬಿಡಿ ಅಂದರು.

(ದೃಶ್ಯ: ಜಗುಲಿಯ ಮೇಲೆ ತಿಜೋರಿ, ಬಾಗಿಲು ತೆರೆದಿದೆ.)

ಮೊದಲು ಬಂದವರು ಗುಜರಿಯವರು. ಕೆಜಿ ಲೆಕ್ಕದಲ್ಲಿ ಕೇಳಿದರು. ಇಲ್ಲಿ ಮೋಸ ಹೋಗಬೇಡಿ, ಹಾಗೆಯೇ ತಪ್ಪು ಆಸೆಯನ್ನೂ ಇಟ್ಟುಕೊಳ್ಳಬೇಡಿ. ಆರು ಕ್ವಿಂಟಲ್ ಇದೆ ಅಂತ ಆರು ಕ್ವಿಂಟಲ್ ಕಬ್ಬಿಣದ ದುಡ್ಡು ಬರಲ್ಲ. ಅರ್ಧಕ್ಕಿಂತ ಜಾಸ್ತಿ ಕಾಂಕ್ರೀಟ್. ಒಡೆದು ಬಿಸಾಡುವ ಕೂಲಿಯನ್ನೂ ಅವರು ಕಳೆಯುತ್ತಾರೆ. ಹಳೆ ತಿಜೋರಿಗಳಲ್ಲಿ ಕೆಲವಕ್ಕೆ ಆಸ್ಬೆಸ್ಟಾಸ್ ತುಂಬಿದ್ದೂ ಉಂಟು. ಮನೆ ಅಂಗಳದಲ್ಲಿ ಕೊರೆಯೋಕೆ, ಕತ್ತರಿಸೋಕೆ ಬಿಡಬೇಡಿ. ಆ ಧೂಳು ಪುಪ್ಪುಸಕ್ಕೆ ಹೋದರೆ ಕೆಟ್ಟದ್ದು.

ತಿಜೋರಿಯನ್ನು ತಿಜೋರಿಯಾಗಿಯೇ ಬೇಕು ಅನ್ನುವವರಿಗೆ ಕೊಟ್ಟರೆ ಅದಕ್ಕೂ ಮರ್ಯಾದೆ, ನಿಮಗೂ ಬೆಲೆ. ಅಡಿಕೆ ವ್ಯಾಪಾರಿಗಳು, ಬಂಗಾರದ ಕೆಲಸದವರು, ಕಾಣಿಕೆ ಇಡುವ ದೇವಸ್ಥಾನದವರು, ಸಣ್ಣ ಸೊಸೈಟಿಗಳು, ಇವರನ್ನು ಕೇಳಿ. ನೆಲಮಹಡಿ ಇದೆಯಾ ಅಂತ ಮೊದಲೇ ವಿಚಾರಿಸಿ. ಜಾಹೀರಾತಿಗೆ ಬಾಗಿಲು ತೆರೆದ, ಖಾಲಿ ಒಳಮೈಯ ಫೋಟೊ ಹಾಕಿ. ಬೀಗದ ಕೈಯ ಫೋಟೊ ಬೇಡವೇ ಬೇಡ, ಫೋಟೊ ನೋಡಿಯೇ ನಕಲಿ ಕೈ ಮಾಡಬಹುದು. ಮನೆ ಎಲ್ಲಿದೆ ಅಂತ ಹಾಕಬೇಡಿ. ಕೋವಿ ಇಡುತ್ತಿದ್ದ ತಿಜೋರಿ ಅಂತ ಬರೆಯಲೇಬೇಡಿ. ಉದ್ದ, ಅಗಲ, ತೂಕ, ಬಾಗಿಲಿನಿಂದ ಗಾಡಿ ನಿಲ್ಲುವ ಜಾಗಕ್ಕೆ ಎಷ್ಟು ದೂರ, ಇಷ್ಟು ಸಾಕು. ಎತ್ತಿ ಒಯ್ಯುವ ಖರ್ಚು, ಜವಾಬ್ದಾರಿ ಎರಡೂ ಕೊಂಡವರದು ಅಂತ ಮಾತಾಗಲಿ. ನಾವು ಜಗುಲಿವರೆಗೆ ತಂದಿದ್ದಕ್ಕೇ ಬೆಲೆ ಸ್ವಲ್ಪ ಮೇಲೆ ಬಂತು ಅನ್ನೋದು ನನ್ನ ಅನಿಸಿಕೆ.

ಪಕ್ಕದೂರಿನ ಅಡಿಕೆ ವ್ಯಾಪಾರಿಯೊಬ್ಬರು ತೆಗೆದುಕೊಂಡರು. ಪಿಕಪ್, ಚೈನ್ ಪುಲ್ಲಿ, ಐದು ಜನ ಅವರೇ ತಂದರು.

(ದೃಶ್ಯ: ತಮ್ಮನ ಮನೆ. ಗೋಡೆಗೆ ಬಿಗಿದ ಸಣ್ಣ ಉಕ್ಕಿನ ಕಪಾಟು, ಬಾಗಿಲು ಮುಚ್ಚಿದೆ.)

ತಮ್ಮ ಈಗ ಉದ್ದನೆಯ ಸಣ್ಣ ಉಕ್ಕಿನ ಕಪಾಟು ತಂದಿದ್ದಾನೆ. 70 ಕೆಜಿ. ಇಬ್ಬರು ಹೊತ್ತು ಸಂಕ ದಾಟಿಸಿದರು. ಹಗುರ ಇರೋದು ಕಳ್ಳನಿಗೂ ಹಗುರವೇ, ಅದಕ್ಕೆ ಗೋಡೆಗೆ, ನೆಲಕ್ಕೆ ಬೋಲ್ಟ್ ಹಾಕಿಸಿದ. ಕೋವಿಯನ್ನು ಬೀಗದಲ್ಲಿ ಭದ್ರವಾಗಿ ಇಡೋದು ಲೈಸೆನ್ಸ್ ಇರುವವರ ಹೊಣೆ ಅಂತ ನಿಯಮವೂ ಹೇಳುತ್ತದೆ. ತೋಟಾಕ್ಕೆ ಬೇರೆ ಬೀಗದ ಡಬ್ಬಿ. ಮಳೆಗಾಲಕ್ಕೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ.

ತಿಜೋರಿ ಕೊಡುವ ದಿನ ಒಂದು ಕಾಗದ ಬರೆದು ಇಬ್ಬರೂ ಸಹಿ ಹಾಕಿದೆವು. ತಾರೀಖು, ಹಣ, ತಿಜೋರಿ ಖಾಲಿ ಇದೆ ಎಂದು ಇಬ್ಬರೂ ನೋಡಿದ್ದೇವೆ, ಬೀಗದ ಕೈ ಎರಡು ಕೊಟ್ಟಿದೆ. ನೀವೂ ಹೀಗೆ ಬರೆಸಿ. ಬಾಗಿಲು ತೆರೆದಿರುವಾಗಲೇ ಎರಡೂ ಬೀಗದ ಕೈ ತಿರುಗಿಸಿ ನೋಡಲು ಹೇಳಿ. ಅಪ್ಪ ತಾವೇ ಒಂದೊಂದಾಗಿ ತಿರುಗಿಸಿ ತೋರಿಸಿ, ಸೊಂಟದ ದಾರದಿಂದ ಬಿಚ್ಚಿ ಅವರ ಕೈಗೆ ಕೊಟ್ಟರು.