ಬಲೂನು ಏರಿದ ಪೈಲಟ್, ಜೋಳ ನಿಂತ ಎರಿ ಹೊಲ

ನಮಸ್ಕಾರ್ರಿ. ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ನಮ್ಮ ಮಂದಿಗೆ ವಿಜಯಪತ್ ಸಿಂಘಾನಿಯಾ ಅಂದ್ರ ರೇಮಂಡ್ ಬಟ್ಟಿ ನೆನಪಾಗ್ತದ. ನಮ್ಮ ಲೆಕ್ಕದಾಗ ಅವರು ಮೊದಲು ಪೈಲಟ್. 1988ರಾಗ ಮೈಕ್ರೋಲೈಟ್ ಅನ್ನೋ ಹಗುರ ವಿಮಾನದಾಗ ಲಂಡನ್‌ನಿಂದ ಭಾರತಕ್ಕ 23 ದಿನಕ್ಕ ಬಂದವರು. 2005ರ ನವೆಂಬರ್ 26ಕ್ಕ, 67ರ ವಯಸ್ಸಿನಾಗ, ಮುಂಬೈಯಿಂದ ಬಿಸಿಗಾಳಿ ಬಲೂನಿನಾಗ ಏರಿ 21,027 ಮೀಟರ್ ಮುಟ್ಟಿದ್ರು. ಸ್ವೀಡನ್ನಿನ ಬಲೂನು ಹಾರಾಟಗಾರ ಪರ್ ಲಿಂಡ್‌ಸ್ಟ್ರಾಂಡ್ ಅವರ 1988ರ ದಾಖಲೆ 19,811 ಮೀಟರ್ ಇತ್ತು, ಅದು ಮುರೀತು. ಇಳಿದದ್ದು ನಮ್ಮ ಮಹಾರಾಷ್ಟ್ರದಾಗೇ, ನಾಶಿಕ್ ಜಿಲ್ಲಾದ ಸಿನ್ನರ ಹತ್ತಿರ.

ಈ ವಯಸ್ಸಿನಾಗ ಎಂಥ ಧೈರ್ಯ ಅಂತ ಹೊಗಳಿ ಸುಮ್ಮನಾಗಬ್ಯಾಡ್ರಿ. ಹಳೇ ಪೈಲಟ್ ಬಲೂನಿಗೆ ಬಂದಾಗ ಕೈಯಿಗೆ ಹತ್ತಿದ ಚಟ ಬಿಡಬೇಕಾಗ್ತದ, ಅದು ಧೈರ್ಯಕ್ಕಿಂತ ಕಠಿಣ. ವಿಮಾನದಾಗ ಕೋಲು ಎಳೆದ್ರ ಮೂತಿ ತಕ್ಷಣ ಏಳ್ತದ. ಬಲೂನಿನಾಗ ಬರ್ನರ್, ಅಂದ್ರ ಗ್ಯಾಸಿನ ಒಲಿ, ಹಚ್ಚಿದ ಮ್ಯಾಲೆ ಬಿಸಿ ಮ್ಯಾಲೇರಿ ಇಳಿತ ನಿಲ್ಲಲಿಕ್ಕೆ ಹಲವು ಸೆಕೆಂಡು ಬೇಕು. ಅಷ್ಟರಾಗ ಗಾಬರಿಯಾಗಿ ಮತ್ತ ಹಚ್ಚಿದ್ರ ಬಲೂನು ಜಿಗೀತದ, ಆಮ್ಯಾಲೆ ತಣ್ಣಗಾಗಿ ಜೋರಾಗಿ ಕುಸೀತದ. ಸಣ್ಣ ಸಣ್ಣ ಉರಿ, ಸಮ ಅಂತರ, ಇಷ್ಟೇ ಕೆಲಸ. ಎಡಕ್ಕ ಬಲಕ್ಕ ತಿರುಗಿಸಲಿಕ್ಕೆ ಏನೂ ಇರೂದಿಲ್ಲ. ಎತ್ತರ ಬದಲಿಸಿ, ಬೇಕಾದ ದಿಕ್ಕಿನ ಗಾಳಿ ಹುಡುಕಬೇಕು. ಬಲೂನಿಗೆ ಡಿಜಿಸಿಎ, ಅಂದ್ರ ದೇಶದ ವಿಮಾನಯಾನ ನಿಯಂತ್ರಣ ಇಲಾಖೆ, ಕೊಡೋ ಲೈಸೆನ್ಸ್ ಕೂಡ ಬೇರೆ.

ಸಿಂಘಾನಿಯಾ ಮುಟ್ಟಿದ ಎತ್ತರದಾಗ ಗಾಳಿಯ ಒತ್ತಡ ನೆಲದ್ದರ ಇಪ್ಪತ್ತರಲ್ಲಿ ಒಂದು ಪಾಲು. 19 ಕಿಲೋಮೀಟರ್ ದಾಟಿದ್ರ ಮೈಯ ಬಿಸಿಗೇ ನೀರು ಕುದೀತದ. ಹಂಗಾಗಿ ಅವರು ಕೂತದ್ದು ತೆರೆದ ಬುಟ್ಟಿಯಾಗ ಅಲ್ಲ, ಒತ್ತಡ ಕಾಯುವ ಮುಚ್ಚಿದ ಕೋಣಿಯಾಗ. ಆಮ್ಲಜನಕ ಕಡಿಮಿಯಾದಂಗ ಬರ್ನರಿನ ಉರಿಯೂ ಸೊರಗ್ತದ.

ಈಗ ನಮ್ಮ ಕಡೆ ಮಾತಿಗೆ ಬರೋಣ. 2,800 ಘನ ಮೀಟರಿನ ಬಲೂನು ತಗೊಳ್ರಿ. ಒಳಗ 100 ಡಿಗ್ರಿ, ಹೊರಗ 15 ಡಿಗ್ರಿ ಇದ್ರ ಸಮುದ್ರಮಟ್ಟದಾಗ ಸುಮಾರು 780 ಕಿಲೋ ಎತ್ತತದ. ಬಲೂನಿನ ಬಟ್ಟಿ, ಬುಟ್ಟಿ, ಪ್ರೊಪೇನ್ ಸಿಲಿಂಡರ್, ಮಂದಿ ಎಲ್ಲಾ ಅದರಾಗೇ. ಹೊರಗ 25 ಆದ್ರ 665ಕ್ಕ ಇಳೀತದ, ಅಂದ್ರ ಒಬ್ಬ ದಪ್ಪ ಮನುಷ್ಯನ್ನ ಇಳಿಸಬೇಕು. ಸೊಲ್ಲಾಪುರದ ಎತ್ತರಕ್ಕ ಇನ್ನಷ್ಟು ಕಡಿಮಿ. ಹಂಗಾಗಿ ಚಳಿಗಾಲದ ನಸುಕು ಬಿಟ್ರ ಬ್ಯಾರೆ ಹೊತ್ತು ನಮಗ ಹೊಂದೂದಿಲ್ಲ. ಬಿಸಿಲೇರಿದ್ರ ಎರಿ ಭೂಮಿ ಕಾದು ಸುಳಿಗಾಳಿ ಏಳ್ತದ, ಬಲೂನು ಕೈ ಮೀರ್ತದ.

ತೊಡಕು ಇಲ್ಲೇ ಅದ. ಅದೇ ಚಳಿಯಾಗ ಹಿಂಗಾರಿ ಜೋಳ ಹೊಲದಾಗ ಆಳೆತ್ತರ ನಿಂತಿರ್ತದ, ಬದಿಗೆ ಕಬ್ಬು, ಆಚೆ ತಂತಿ ಕಂಬದ ದ್ರಾಕ್ಷಿ ಪಡ. ಪಂಪ್‌ಸೆಟ್ಟಿಗೆ ಎಳೆದ ಕರೆಂಟಿನ ತಂತಿಯಂತೂ ಎಲ್ಲಾಕಿಂತ ದೊಡ್ಡ ಗಂಡಾಂತರ. ತಂತಿ ಹತ್ರ ಬಂದಾಗ ಉರಿ ಹಚ್ಚಿ ದಾಟಿಬಿಡೋಣ ಅನ್ನಿಸ್ತದ. ಬಲೂನು ತಡವಾಗಿ ಏಳೋದ್ರಿಂದ ಬುಟ್ಟಿಯೇ ಹೋಗಿ ತಂತಿಗೆ ಬಡೀತದ. ತಪ್ಪಿಸಲಿಕ್ಕೆ ಆಗೂದಿಲ್ಲ ಅಂತ ಕಂಡ್ರ ಗ್ಯಾಸ್ ಬಂದ್ ಮಾಡಿ, ಬಿಸಿಗಾಳಿ ಹೊರಬಿಡೋ ಮ್ಯಾಲಿನ ಕವಾಟದ ಹಗ್ಗ ಎಳೆದು ಕೆಳಗಿಳೀಬೇಕು. ತಂತಿ ಬಟ್ಟಿಗೆ ತಾಗಲಿ, ಬುಟ್ಟಿಗೆ ತಾಗಬಾರದು.

ಇಲ್ಲಿ ಬಲೂನು ತರ್ತೀವಿ ಅನ್ನೋರಿಗೆ ನಮ್ಮದೊಂದು ಹಟ ಅದ. ಜತ್ತ ಕಡೆಯ ಮಡ್ಡಿ ಭೂಮಿ ನೋಡಿ ಇಳಿಯೋ ಜಾಗ ಗುರುತಿಸ್ರಿ. ಹಾರೋ ಮೊದಲು ಹೀಲಿಯಂ ತುಂಬಿದ ಸಣ್ಣ ಬಲೂನು ಬಿಟ್ಟು, ಯಾವ ಎತ್ತರಕ್ಕ ಯಾವ ದಿಕ್ಕು ಅಂತ ನೋಡ್ರಿ, ಆ ಮಡ್ಡಿಗೆ ಒಯ್ಯೋ ಗಾಳಿ ಇಲ್ಲಂದ್ರ ಹಾರಬ್ಯಾಡ್ರಿ. ದಾರಿಯೊಳಗಿನ ಹೊಲದ ಮಾಲೀಕರನ್ನ ಹಿಂದಿನ ದಿನಾನೇ ಕಂಡು ಮಾತಾಡ್ರಿ. ಜೋಳದಾಗ ಇಳಿದದ್ದೇ ಆದ್ರ, ಬೆಳಿಯ ರೊಕ್ಕ ಅಲ್ಲೇ ಕೊಟ್ಟು, ಅವರು ಹೂಂ ಅಂದ ಮ್ಯಾಲೇ ಬಲೂನು ಒಯ್ಯೋ ಜೀಪು ಒಳಗ ಬಿಡ್ರಿ.