ಹೊಮಾರೆ ಸಾವಾ: ಮೈದಾನದ ನಡುವಿನ ನಾಯಕತ್ವ

ಕೇಳುಗರಿಗೆ ನಮಸ್ಕಾರ. ಫುಟ್‌ಬಾಲ್‌ನ ನಿಯಮಾವಳಿಯ ಪ್ರಕಾರ ತಂಡದ ನಾಯಕಿಗೆ ವಿಶೇಷ ಸ್ಥಾನಮಾನವಾಗಲಿ ಸವಲತ್ತಾಗಲಿ ಇಲ್ಲ. ತಂಡದ ವರ್ತನೆಗೆ ಒಂದಿಷ್ಟು ಹೊಣೆಯನ್ನಷ್ಟೇ ಆಕೆ ಹೊರಬೇಕು. ಕ್ರಿಕೆಟ್‌ನಲ್ಲಿ ನಾಯಕಿ ಬೌಲರನ್ನು ಬದಲಿಸುತ್ತಾಳೆ, ಫೀಲ್ಡಿಂಗ್ ಹೊಂದಿಸುತ್ತಾಳೆ. ಇಲ್ಲಿ ಆಟಗಾರ್ತಿಯರ ಬದಲಾವಣೆಯೂ ತಂತ್ರವೂ ತರಬೇತುದಾರರ ಪಾಲು. ಟಾಸ್ ಮುಗಿದ ಮೇಲೆ ನಾಯಕಿಯ ಕೈಯಲ್ಲಿ ಉಳಿಯುವುದು ಹೆಚ್ಚಾಗಿ ಅವಳ ಸ್ವಂತ ಆಟವೇ. ಆ ಆಟದ ಬಲದಿಂದಲೇ ತಂಡವನ್ನು ಮುನ್ನಡೆಸಿದವರಲ್ಲಿ ಜಪಾನಿನ ಹೊಮಾರೆ ಸಾವಾ ಅವರಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ.

1993ರಲ್ಲಿ, ಹದಿನೈದರ ಹರೆಯದಲ್ಲೇ ರಾಷ್ಟ್ರೀಯ ತಂಡಕ್ಕೆ ಕಾಲಿಟ್ಟ ಸಾವಾ, ಬಹುಕಾಲ ಎದುರಾಳಿಯ ಗೋಲಿನ ಸಮೀಪ ಆಡಿದವರು. ಸಾವಾ ಅವರನ್ನು ಮಿಡ್‌ಫೀಲ್ಡಿನ ಹಿಂಭಾಗಕ್ಕೆ ಸರಿಸಿದವರು ತರಬೇತುದಾರ ನೊರಿಯೊ ಸಸಾಕಿ. ಎದುರಾಳಿಯ ಪಾಸನ್ನು ತಡೆದು, ಚೆಂಡನ್ನು ಮುಂದಿನವರಿಗೆ ದಾಟಿಸುವ, ಹೆಸರು ಕಡಿಮೆ ದುಡಿಮೆ ಹೆಚ್ಚು ಎನ್ನಬಹುದಾದ ಆ ಜಾಗದಲ್ಲಿ ಅವರ ಪ್ರತಿಯೊಂದು ಓಟವೂ ಉಳಿದವರ ಕಣ್ಣಿಗೆ ಬೀಳುತ್ತಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ಕಷ್ಟವೆನಿಸಿದಾಗ ನನ್ನ ಬೆನ್ನನ್ನು ನೋಡಿ ಎಂದು ಅವರು ಕಿರಿಯರಿಗೆ ಹೇಳಿದ್ದ ಮಾತು ಜಪಾನಿನಲ್ಲಿ ಇಂದಿಗೂ ಪ್ರಸಿದ್ಧ. ಆಗ ನಾಯಕಿಯ ತೋಳುಪಟ್ಟಿ ಅವರದಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

2011ರ ಜುಲೈ 17ರಂದು ಫ್ರಾಂಕ್‌ಫರ್ಟ್‌ನಲ್ಲಿ ವಿಶ್ವಕಪ್ ಫೈನಲ್ ನಡೆಯಿತು. ಮಾರ್ಚ್‌ನ ಭೂಕಂಪ ಮತ್ತು ಸುನಾಮಿಯಿಂದ ತತ್ತರಿಸಿದ್ದ ದೇಶದ ತಂಡ, ಅದುವರೆಗೆ ಒಮ್ಮೆಯೂ ಸೋಲಿಸಲಾಗದ ಅಮೆರಿಕದ ಎದುರು ನಿಂತಿತ್ತು. ಹೆಚ್ಚುವರಿ ಅವಧಿಯ 104ನೆಯ ನಿಮಿಷದಲ್ಲಿ ಆಬಿ ವಾಂಬಾಕ್ ತಲೆಯಿಂದ ಹೊಡೆದ ಗೋಲು ಜಪಾನನ್ನು ಎರಡನೆಯ ಬಾರಿ ಹಿಂದಕ್ಕೆ ತಳ್ಳಿತು. 117ನೆಯ ನಿಮಿಷದಲ್ಲಿ ಸಹ ಆಟಗಾರ್ತಿ ಆಯಾ ಮಿಯಾಮಾ ಕಾರ್ನರ್ ತೆಗೆದುಕೊಂಡಾಗ, ಎಲ್ಲರ ಕಾಲೂ ಸೋತಿದ್ದ ಆ ಹೊತ್ತಿನಲ್ಲಿ, ಈಗ ನಾಯಕಿಯಾಗಿದ್ದ ಮೂವತ್ತೆರಡರ ಸಾವಾ ಕಾವಲಿನವರಿಗಿಂತ ಒಂದು ಹೆಜ್ಜೆ ಮೊದಲು ಹತ್ತಿರದ ಕಂಬದತ್ತ ಓಡಿಬಂದು, ಗೋಲಿಗೆ ಬಹುತೇಕ ಬೆನ್ನು ಮಾಡಿಯೇ, ಬಲಗಾಲಿನ ಹೊರಬದಿಯಿಂದ ಚೆಂಡನ್ನು ಬಲೆಯೊಳಕ್ಕೆ ತಿರುಗಿಸಿದರು. ಕಾಲನ್ನು ಅಷ್ಟು ಎತ್ತರಕ್ಕೆ ತಂದು ಅಷ್ಟು ಹಗುರವಾಗಿ ತಾಗಿಸುವುದಕ್ಕೆ ಕೌಶಲವೊಂದೇ ಸಾಲದು. ಇನ್ನೂ ಆಟ ಮುಗಿದಿಲ್ಲವೆಂಬ ನಂಬಿಕೆ ದೇಹದಲ್ಲಿಯೇ ಉಳಿದಿರಬೇಕು.

ಪಂದ್ಯ 2-2ರ ಸಮದಲ್ಲಿ ಮುಗಿಯಿತು. ಗೆಲುವನ್ನು ನಿರ್ಧರಿಸುವ ಪೆನಾಲ್ಟಿಗೆ ಮುನ್ನ ತರಬೇತುದಾರರ ಸುತ್ತ ನೆರೆದ ಜಪಾನಿನ ಆಟಗಾರ್ತಿಯರ ಮುಖದಲ್ಲಿ ನಗುವಿತ್ತು. ಗೋಲ್‌ಕೀಪರ್ ಅಯುಮಿ ಕೈಹೊರಿ ಎರಡು ಹೊಡೆತಗಳನ್ನು ತಡೆದರು, ಸಾಕಿ ಕುಮಗಾಯಿ ಕೊನೆಯದನ್ನು ಗೋಲಾಗಿಸಿದರು, ಜಪಾನ್ 3-1ರಿಂದ ಗೆದ್ದಿತು. ಪೆನಾಲ್ಟಿ ಹೊಡೆದ ನಾಲ್ವರಲ್ಲಿ ಸಾವಾ ಇರಲಿಲ್ಲ. ಆ ಹೊತ್ತಿಗೆ ತಂಡ ಅವರಿಲ್ಲದೆಯೂ ಧೈರ್ಯವಾಗಿ ಮುಂದಡಿಯಿಡಲು ಕಲಿತಿತ್ತು. ಐದು ಗೋಲುಗಳೊಂದಿಗೆ ಅತಿ ಹೆಚ್ಚು ಗೋಲಿನ ಗೌರವವೂ, ಟೂರ್ನಿಯ ಶ್ರೇಷ್ಠ ಆಟಗಾರ್ತಿ ಎಂಬ ಮನ್ನಣೆಯೂ ಅವರಿಗೇ ಸಂದವು.

ನನಗೆ ಇದಕ್ಕಿಂತ ಮಿಗಿಲೆನಿಸುವುದು ಮರುವರ್ಷದ ಸಂಗತಿ. 2012ರಲ್ಲಿ ನಾಯಕತ್ವ ಮಿಯಾಮಾ ಅವರಿಗೆ ಹೋಯಿತು. ಸಾವಾ ಅದೇ ಹತ್ತನೆಯ ಸಂಖ್ಯೆಯ ಅಂಗಿ ತೊಟ್ಟು, ತಮಗಿಂತ ಕಿರಿಯ ನಾಯಕಿಯ ಕೈಕೆಳಗೆ ಮೈದಾನದ ನಡುವೆ ಅದೇ ದುಡಿಮೆಯನ್ನು ಮುಂದುವರಿಸಿದರು; ಆ ತಂಡ ಲಂಡನ್ ಒಲಿಂಪಿಕ್ಸ್‌ನ ಫೈನಲ್ ತಲುಪಿ ಬೆಳ್ಳಿ ಪದಕ ಗಳಿಸಿತು. ನಮಸ್ಕಾರ.